ನಷ್ಟಪರಿಹಾರದ ಹಕ್ಕು ಮತ್ತು ಕಾಲಮಿತಿ



ಸೂರತ್ ನಗರದ ದಕ್ಷಿಣಕ್ಕೆ, ಮುಂಬಯಿಗೆ ಹೋಗುವ ರೈಲು ಮಾರ್ಗದ ಮೇಲೆ ಸಚಿನ್ ಎಂಬ ನಿಲ್ದಾಣವಿದೆ. ಸಿದ್ದಿ ಮನೆತನದ ನವಾಬರು 1791ರಲ್ಲಿ ಸ್ಥಾಪಿಸಿದ ಸಣ್ಣ ಸಂಸ್ಥಾನವೊಂದಕ್ಕೆ ಈ ಹೆಸರಿತ್ತು. 1948ರಲ್ಲಿ ಆ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಇಂದು ಸಚಿನ್ ಎಂದರೆ ಗುಜರಾತ್ ಕೈಗಾರಿಕಾ ಅಭಿವೃದ್ಧಿ ನಿಗಮದ ವಿಶಾಲವಾದ ಕೈಗಾರಿಕಾ ವಸಾಹತು. ಬಟ್ಟೆಗೆ ಬಣ್ಣ ಹಾಕುವ ಮತ್ತು ಅಚ್ಚು ಹಾಕುವ ಗಿರಣಿಗಳು, ರಾಸಾಯನಿಕ ಕಾರ್ಖಾನೆಗಳು, ಅವುಗಳ ಸುತ್ತ ದೂರದ ರಾಜ್ಯಗಳಿಂದ ಬಂದ ಕಾರ್ಮಿಕರ ಬಾಡಿಗೆ ಕೋಣೆಗಳು ಅಲ್ಲಿ ತುಂಬಿವೆ.

ಮೂರು ವರ್ಷಗಳೊಳಗೆ ಈ ಒಂದೇ ಊರಿನಲ್ಲಿ ಮೂರು ದೊಡ್ಡ ಅಪಘಾತಗಳು ಸಂಭವಿಸಿದವು. 2022ರ ಜನವರಿ 6ರ ನಸುಕಿನಲ್ಲಿ ಟ್ಯಾಂಕರೊಂದರಿಂದ ರಾಸಾಯನಿಕ ತ್ಯಾಜ್ಯವನ್ನು ಕಾನೂನುಬಾಹಿರವಾಗಿ ಚರಂಡಿಗೆ ಹರಿಸಿದಾಗ ಎದ್ದ ವಿಷಾನಿಲವು ಪಕ್ಕದ ಬಣ್ಣದ ಗಿರಣಿಯನ್ನು ಹೊಕ್ಕಿತು. ಆರು ಮಂದಿ ಕಾರ್ಮಿಕರು ಸತ್ತರು. ಇಪ್ಪತ್ತಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. 2023ರ ನವೆಂಬರ್ 29ರಂದು ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಸ್ಫೋಟ ಉಂಟಾಗಿ ಬೆಂಕಿ ಹತ್ತಿತು. ಹಲವು ಮಂದಿ ಪ್ರಾಣ ಕಳೆದುಕೊಂಡರು. 2024ರ ಜುಲೈ 6ರಂದು ಸಚಿನ್ ಪಾಲಿ ಪ್ರದೇಶದಲ್ಲಿ ಬಹುಮಹಡಿ ಕಟ್ಟಡವೊಂದು ಕುಸಿದು, ಅದರಲ್ಲಿ ವಾಸವಾಗಿದ್ದ ಏಳು ಮಂದಿ ಮಡಿದರು.

ಈ ಮೂರೂ ದುರಂತಗಳಲ್ಲಿ ನೊಂದವರಿಗೆ ನಷ್ಟಪರಿಹಾರವನ್ನು ಕೇಳುವ ಹಕ್ಕನ್ನು ದೇಶದ ಕಾನೂನು ಕೊಟ್ಟಿದೆ. ಆದರೆ ಎಷ್ಟು ದಿನಗಳೊಳಗೆ ಕೇಳಬೇಕು ಎಂಬ ಪ್ರಶ್ನೆಗೆ ಮೂರಕ್ಕೂ ಒಂದೇ ಉತ್ತರವಿಲ್ಲ. ಒಂದೇ ಅಪಘಾತದಲ್ಲಿ ಗಾಯಗೊಂಡ ಇಬ್ಬರಿಗೆ ಸಹ ಬೇರೆ ಬೇರೆ ಗಡುವು ಇರಬಹುದು. ಹಕ್ಕು ನಿಜವಾಗಿದ್ದು, ಸಾಕ್ಷ್ಯ ಬಲವಾಗಿದ್ದು, ಕೇವಲ ದಿನ ಮೀರಿತೆಂಬ ಕಾರಣದಿಂದ ಪರಿಹಾರವು ತಪ್ಪಿಹೋಗುವುದುಂಟು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಆದುದರಿಂದ ಕಾಲಮಿತಿಯ ತಿಳಿವಳಿಕೆಯು ವಕೀಲರಿಗೆ ಮಾತ್ರ ಸೇರಿದ ವಿಷಯವೆಂದು ಭಾವಿಸಬಾರದು. ದುಡಿದು ತಿನ್ನುವ ಪ್ರತಿಯೊಂದು ಕುಟುಂಬಕ್ಕೂ ಅದು ಅಗತ್ಯವಾಗಿದೆ.

ಕಾಲಮಿತಿಯನ್ನು ಕಾನೂನು ಏಕೆ ವಿಧಿಸುತ್ತದೆ ಎಂಬುದನ್ನು ಮೊದಲು ನೋಡಬಹುದು. ವರ್ಷಗಳು ಕಳೆದಂತೆ ಸಾಕ್ಷಿಗಳ ನೆನಪು ಮಾಸುತ್ತದೆ, ಕಾಗದಪತ್ರಗಳು ಕಳೆದುಹೋಗುತ್ತವೆ, ಕಾರ್ಖಾನೆಗಳು ಮುಚ್ಚುತ್ತವೆ, ಕೈ ಬದಲಾಗುತ್ತವೆ. ವ್ಯಾಜ್ಯಕ್ಕೆ ಎಂದಾದರೊಂದು ದಿನ ಕೊನೆ ಇರಬೇಕೆಂಬುದು ಇದರ ಹಿಂದಿರುವ ತತ್ತ್ವ. 1964ರ ಜನವರಿ 1ರಿಂದ ಜಾರಿಯಲ್ಲಿರುವ 1963ರ ಕಾಲಪರಿಮಿತಿ ಅಧಿನಿಯಮವು ಈ ವಿಷಯದಲ್ಲಿ ಮೂಲ ಕಾಯಿದೆ. ಗಡುವು ಮುಗಿದ ಮೇಲೆ ಹೂಡಿದ ದಾವೆಯನ್ನು, ಪ್ರತಿವಾದಿಯು ಆ ಆಕ್ಷೇಪವನ್ನು ಎತ್ತದಿದ್ದರೂ, ನ್ಯಾಯಾಲಯವು ತಾನಾಗಿಯೇ ವಜಾ ಮಾಡಬೇಕೆಂದು ಅದರ 3ನೆಯ ಕಲಂ ಹೇಳುತ್ತದೆ.

ಈ ಅಧಿನಿಯಮದ ಪ್ರಕಾರ, ಬೇರೊಬ್ಬರ ಅಲಕ್ಷ್ಯದಿಂದ ಗಾಯಗೊಂಡವನು ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷಗಳ ಅವಧಿ ಇದೆ. ಗಾಯಗೊಂಡವನು ಮೃತಪಟ್ಟು, ಅವನ ಹೆಂಡತಿ, ಗಂಡ, ಮಕ್ಕಳು ಅಥವಾ ತಂದೆತಾಯಿಗಳ ಪರವಾಗಿ 1855ರ ಮಾರಕ ಅಪಘಾತಗಳ ಅಧಿನಿಯಮದ ಮೇರೆಗೆ ದಾವೆ ಹೂಡುವುದಾದರೆ, ಮರಣದ ದಿನದಿಂದ ಎರಡು ವರ್ಷಗಳು ಮಾತ್ರ. ಯಾವುದಾದರೊಂದು ಕಾಯಿದೆಯನ್ನು ಅನುಸರಿಸಿ ಮಾಡಿದುದೆಂದು ಹೇಳಲಾಗುವ ಕೃತ್ಯದಿಂದ ನಷ್ಟವಾಗಿದ್ದರೆ ಅವಧಿಯು ಒಂದೇ ವರ್ಷಕ್ಕೆ ಇಳಿಯುತ್ತದೆ. ಸಚಿನ್ ಪಾಲಿಯ ಕಟ್ಟಡ ಕುಸಿತದಂತಹ ಪ್ರಸಂಗದಲ್ಲಿ ಈ ಭೇದವು ಬಹಳ ಮುಖ್ಯವಾಗುತ್ತದೆ. ಕಾಲು ಮುರಿದುಕೊಂಡು ಬದುಕಿ ಉಳಿದವನಿಗೆ ಮೂರು ವರ್ಷಗಳ ಕಾಲಾವಕಾಶವಿದ್ದರೆ, ಅದೇ ಕಟ್ಟಡದಲ್ಲಿ ಮಗನನ್ನು ಕಳೆದುಕೊಂಡ ತಾಯಿಗೆ ಎರಡೇ ವರ್ಷಗಳ ಕಾಲಾವಕಾಶವಿದೆ.

ಇನ್ನು ಕೆಲಸದ ಸ್ಥಳದಲ್ಲಿ ಸಂಭವಿಸುವ ಅಪಘಾತಗಳು. ಇವುಗಳಿಗೆ ದೀರ್ಘಕಾಲ ಅನ್ವಯವಾಗುತ್ತಿದ್ದುದು 1923ರ ನಷ್ಟಪರಿಹಾರ ಅಧಿನಿಯಮ. 2025ರ ನವೆಂಬರ್ 21ರಿಂದ ಅದರ ಸ್ಥಾನಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆಯು ಬಂದಿದೆ. ಗಡುವಿನ ವಿಷಯದಲ್ಲಿ ಎರಡೂ ಒಂದೇ ಮಾತನ್ನು ಹೇಳುತ್ತವೆ. ಅಪಘಾತ ನಡೆದ ಕೂಡಲೇ, ಸಾಧ್ಯವಾದಷ್ಟು ಬೇಗ, ಮಾಲೀಕನಿಗೆ ಸೂಚನೆ ಕೊಡಬೇಕು. ಅಪಘಾತದ ದಿನದಿಂದ, ಅಥವಾ ಮರಣ ಸಂಭವಿಸಿದ್ದರೆ ಮರಣದ ದಿನದಿಂದ, ಎರಡು ವರ್ಷಗಳೊಳಗೆ ಸಕ್ಷಮ ಪ್ರಾಧಿಕಾರಿಯ ಮುಂದೆ ಅರ್ಜಿ ಸಲ್ಲಿಸಬೇಕು. ತಡವಾದುದಕ್ಕೆ ಸಾಕಷ್ಟು ಕಾರಣವಿದೆಯೆಂದು ಮನವರಿಕೆಯಾದರೆ ಪ್ರಾಧಿಕಾರಿಯು ಅನಂತರವೂ ಅರ್ಜಿಯನ್ನು ಸ್ವೀಕರಿಸಬಹುದು. ಆದರೆ ಅದು ಅರ್ಜಿದಾರನ ಹಕ್ಕಲ್ಲ, ಪ್ರಾಧಿಕಾರಿಯ ವಿವೇಚನೆಗೆ ಬಿಟ್ಟದ್ದು. ಕಾರ್ಮಿಕನು ಇ.ಎಸ್.ಐ. ಯೋಜನೆಯ ವಿಮಾದಾರನಾಗಿದ್ದರೆ ಅವನಿಗೆ ದೊರೆಯಬೇಕಾದ ಸೌಲಭ್ಯಗಳನ್ನು ನೌಕರರ ರಾಜ್ಯ ವಿಮಾ ನಿಗಮವೇ ಕೊಡುತ್ತದೆ. ಅಂಥವನು ಮೊದಲು ನಿಗಮದ ಶಾಖಾ ಕಚೇರಿಯನ್ನು ಸಂಪರ್ಕಿಸಬೇಕು.

ಇಲ್ಲಿ ಗುತ್ತಿಗೆ ಕಾರ್ಮಿಕರ ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ತನ್ನನ್ನು ಕರೆತಂದ ಗುತ್ತಿಗೆದಾರನು ಅಪಘಾತದ ಮರುದಿನವೇ ಕಾಣೆಯಾದನೆಂದು ಅನೇಕರು ಕೈಚೆಲ್ಲಿ ಊರಿಗೆ ಮರಳುತ್ತಾರೆ. ಗುತ್ತಿಗೆದಾರನ ಮೂಲಕ ದುಡಿಸಿಕೊಂಡರೂ ತನ್ನ ಉದ್ಯಮದ ಕೆಲಸವನ್ನೇ ಮಾಡಿಸಿಕೊಂಡ ಮುಖ್ಯ ಮಾಲೀಕನು ನಷ್ಟಪರಿಹಾರಕ್ಕೆ ಹೊಣೆಯಾಗುತ್ತಾನೆ. ಅಲ್ಲದೆ, ಕಾರ್ಮಿಕನು ಮೃತಪಟ್ಟಾಗ ಮಾಲೀಕನು ನಷ್ಟಪರಿಹಾರದ ಹಣವನ್ನು ಪ್ರಾಧಿಕಾರಿಯ ಬಳಿ ಠೇವಣಿ ಇಡಬೇಕು. ಮನೆ ಬಾಗಿಲಿಗೆ ಬಂದು ಕೈಗೆ ಇಟ್ಟ ಹಣವು ನಷ್ಟಪರಿಹಾರದ ಸಂದಾಯವೆಂದು ಪರಿಗಣಿತವಾಗುವುದಿಲ್ಲ. ಇನ್ನು ಮುಂದೆ ಏನನ್ನೂ ಕೇಳುವುದಿಲ್ಲವೆಂದು ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರೂ ಕಾನೂನಿನ ದೃಷ್ಟಿಯಲ್ಲಿ ಆ ಕರಾರಿಗೆ ಬೆಲೆಯಿಲ್ಲ.

ಕೆಲವು ಹಾನಿಗಳು ಒಂದು ನಿರ್ದಿಷ್ಟ ದಿನದಂದು ಸಂಭವಿಸುವುದಿಲ್ಲ. ಖಂಭಾತಿನಲ್ಲಿ ಅಕೀಕು ಕಲ್ಲನ್ನು ಉಜ್ಜಿ ಹೊಳಪು ಕೊಡುವವರಿಗೂ, ಒಂದು ಕಾಲದಲ್ಲಿ ಕೋಲಾರದ ಚಿನ್ನದ ಗಣಿಗಳಲ್ಲಿ ದುಡಿದವರಿಗೂ ಬಂದ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗವು ವರ್ಷಗಟ್ಟಲೆ ಕಲ್ಲಿನ ಧೂಳನ್ನು ಉಸಿರಾಡಿದುದರ ಫಲ. ಹತ್ತಿಯ ಗಿರಣಿಗಳ ಧೂಳಿನಿಂದಲೂ ಇಂತಹ ರೋಗ ಬರುತ್ತದೆ. ಇವು ಕಾನೂನಿನಲ್ಲಿ ವೃತ್ತಿಜನ್ಯ ರೋಗಗಳು. ಇಂತಹ ರೋಗದಿಂದ ಅಶಕ್ತನಾಗಿ ಕಾರ್ಮಿಕನು ಎಡೆಬಿಡದೆ ಗೈರುಹಾಜರಾದ ಅವಧಿಯ ಮೊದಲ ದಿನವನ್ನೇ ಅಪಘಾತದ ದಿನವೆಂದು ಕಾನೂನು ಎಣಿಸುತ್ತದೆ. ಕೆಲಸ ಬಿಟ್ಟ ಎರಡು ವರ್ಷಗಳೊಳಗೆ ರೋಗಲಕ್ಷಣಗಳು ತೋರಿದರೆ, ಅವು ಮೊದಲು ಪತ್ತೆಯಾದ ದಿನದಿಂದ ಲೆಕ್ಕ ಆರಂಭವಾಗುತ್ತದೆ. ಆದುದರಿಂದ ವೈದ್ಯರು ಮೊದಲ ಬಾರಿಗೆ ರೋಗವನ್ನು ಗುರುತಿಸಿ ಬರೆದುಕೊಟ್ಟ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.

ಸಚಿನ್‌ನ ವಿಷಾನಿಲದ ಪ್ರಸಂಗಕ್ಕೆ ಮರಳೋಣ. ಭೋಪಾಲದಲ್ಲಿ 1984ರ ಡಿಸೆಂಬರ್ 2 ಮತ್ತು 3ರ ನಡುವಿನ ರಾತ್ರಿ ನಡೆದ ದುರಂತದ ಅನಂತರ, ಅಪಾಯಕಾರಿ ವಸ್ತುಗಳಿಂದ ಸಾರ್ವಜನಿಕರಿಗೆ ಆಗುವ ಹಾನಿಗೆ ತಕ್ಷಣದ ಪರಿಹಾರ ಒದಗಿಸಲು 1991ರಲ್ಲಿ ಸಾರ್ವಜನಿಕ ಹೊಣೆಗಾರಿಕೆ ವಿಮಾ ಅಧಿನಿಯಮವನ್ನು ಸಂಸತ್ತು ಅಂಗೀಕರಿಸಿತು. ಇದರ ಮೇರೆಗೆ ಜಿಲ್ಲಾಧಿಕಾರಿಗೆ ಅರ್ಜಿ ಸಲ್ಲಿಸಲು ಅಪಘಾತದ ದಿನದಿಂದ ಐದು ವರ್ಷಗಳ ಅವಕಾಶವಿದೆ. 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅಧಿನಿಯಮವು ಸಹ ಪರಿಹಾರದ ಅರ್ಜಿಗೆ ಐದು ವರ್ಷಗಳ ಗಡುವನ್ನು ಇಟ್ಟು, ಸಾಕಷ್ಟು ಕಾರಣವಿದ್ದರೆ ಹೆಚ್ಚೆಂದರೆ 60 ದಿನಗಳನ್ನು ಸೇರಿಸುತ್ತದೆ. ಸಚಿನ್‌ನ ಘಟನೆಯನ್ನು ಈ ನ್ಯಾಯಮಂಡಳಿಯು ಪತ್ರಿಕಾ ವರದಿಯ ಆಧಾರದ ಮೇಲೆ ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು.

ಆದರೆ 1991ರ ಅಧಿನಿಯಮದ ಪರಿಹಾರವು ಕಾರ್ಮಿಕರನ್ನು ಬಿಟ್ಟು ಉಳಿದ ಸಾರ್ವಜನಿಕರಿಗೆ ಉದ್ದೇಶಿಸಿದ್ದು. ಇದರ ಪರಿಣಾಮವನ್ನು ಗಮನಿಸಬೇಕು. ಅದೇ ನಸುಕಿನಲ್ಲಿ ಅದೇ ಅನಿಲವನ್ನು ಉಸಿರಾಡಿದ ದಾರಿಹೋಕನೊಬ್ಬನಿಗೆ 2027ರ ಜನವರಿಯವರೆಗೆ ಕಾಲಾವಕಾಶವಿದ್ದರೆ, ಗಿರಣಿಯೊಳಗೆ ದುಡಿಯುತ್ತಿದ್ದವನು ತನ್ನ ಮಾಲೀಕನಿಂದ ನಷ್ಟಪರಿಹಾರ ಕೇಳುವ ಎರಡು ವರ್ಷಗಳ ಗಡುವು 2024ರ ಜನವರಿಗೇ ಮುಗಿದಿತ್ತು. ಉದ್ದದ ಗಡುವಿನ ಮಾತನ್ನು ಯಾರಿಂದಲೋ ಕೇಳಿ, ತನಗೂ ಐದು ವರ್ಷಗಳಿವೆಯೆಂದು ಕಾರ್ಮಿಕನು ಸುಮ್ಮನೆ ಕುಳಿತರೆ ಅವನ ಪಾಲಿನ ಬಾಗಿಲು ಮುಚ್ಚಿಹೋಗುತ್ತದೆ. ಯಾವ ಕಾಯಿದೆ ತನಗೆ ಅನ್ವಯಿಸುತ್ತದೆಂಬುದು ಖಚಿತವಾಗುವವರೆಗೆ ಎಲ್ಲಕ್ಕಿಂತ ಚಿಕ್ಕ ಗಡುವನ್ನೇ ತನ್ನ ಗಡುವೆಂದು ತಿಳಿಯುವುದು ಕ್ಷೇಮಕರ.

ರಸ್ತೆ ಅಪಘಾತಗಳ ಗಡುವು ಹಲವು ಸಲ ಬದಲಾಗಿದೆ. 1988ರ ಮೋಟಾರು ವಾಹನ ಅಧಿನಿಯಮವು ಆರಂಭದಲ್ಲಿ ಆರು ತಿಂಗಳ ಅವಧಿಯನ್ನು ಕೊಟ್ಟು, ಕಾರಣ ತೋರಿಸಿದರೆ ಹನ್ನೆರಡು ತಿಂಗಳವರೆಗೆ ಮಾತ್ರ ವಿನಾಯಿತಿ ನೀಡಿತ್ತು. ಹನ್ನೆರಡು ತಿಂಗಳ ಮೇಲೆ ಕೆಲವೇ ದಿನ ತಡವಾದ ಕಾರಣಕ್ಕೆ ಅರ್ಜಿಗಳು ತಿರಸ್ಕೃತವಾಗುತ್ತಿದ್ದವು. ಇದರಿಂದಾಗುತ್ತಿದ್ದ ಅನ್ಯಾಯವನ್ನು ಮನಗಂಡು ಸಂಸತ್ತು 1994ರ ನವೆಂಬರ್ 14ರಿಂದ ಆ ಗಡುವನ್ನೇ ತೆಗೆದುಹಾಕಿತು. ಆಗ ಇತ್ಯರ್ಥವಾಗದೆ ಉಳಿದಿದ್ದ ಹಳೆಯ ಅರ್ಜಿಗಳಿಗೂ ಈ ತಿದ್ದುಪಡಿಯ ಲಾಭ ಸಿಗಬೇಕೆಂದು 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಅನಂತರ ಸುಮಾರು ಇಪ್ಪತ್ತೇಳು ವರ್ಷಗಳ ಕಾಲ ಗಡುವು ಇರಲಿಲ್ಲ. 2019ರ ತಿದ್ದುಪಡಿಯ ಮೂಲಕ ಆರು ತಿಂಗಳ ಗಡುವು ಮತ್ತೆ ಬಂದು, 2022ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದರ ಸಿಂಧುತ್ವವನ್ನು ಪ್ರಶ್ನಿಸಿದ ಅರ್ಜಿಗಳ ವಿಚಾರಣೆಯಲ್ಲಿ, ಅವು ಇತ್ಯರ್ಥವಾಗುವವರೆಗೆ ಗಡುವು ಮೀರಿದೆಯೆಂಬ ಕಾರಣಕ್ಕೆ ಪರಿಹಾರದ ಅರ್ಜಿಗಳನ್ನು ವಜಾ ಮಾಡಬಾರದೆಂದು 2025ರ ನವೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಮಧ್ಯಂತರ ಆದೇಶ ನೀಡಿತು. ಮಧ್ಯಂತರ ಆದೇಶವನ್ನು ನಂಬಿ ತಡಮಾಡುವುದು ವಿವೇಕವಲ್ಲ. ಅಪಘಾತವಾದವರು ಆರು ತಿಂಗಳನ್ನೇ ಗಡುವೆಂದು ತಿಳಿದು ಮುಂದುವರಿಯಬೇಕು.

ಈ ಅಧಿನಿಯಮದಲ್ಲಿ ನೊಂದವರಿಗೆ ಅನುಕೂಲವಾದ ಇನ್ನೊಂದು ಏರ್ಪಾಡು ಇದೆ. ಅಪಘಾತದ ತನಿಖೆ ನಡೆಸುವ ಪೊಲೀಸ್ ಅಧಿಕಾರಿಯು ಮೂರು ತಿಂಗಳೊಳಗೆ ಅಪಘಾತದ ವರದಿಯನ್ನು ಪರಿಹಾರ ನ್ಯಾಯಮಂಡಳಿಗೆ ಕಳುಹಿಸಬೇಕು. ನ್ಯಾಯಮಂಡಳಿಯು ಆ ವರದಿಯನ್ನೇ ಪರಿಹಾರದ ಅರ್ಜಿಯೆಂದು ಪರಿಗಣಿಸಬೇಕು. ಹೀಗಿರುವುದರಿಂದ ಠಾಣೆಗೆ ಹೋಗಿ, ವರದಿ ನ್ಯಾಯಮಂಡಳಿಗೆ ತಲುಪಿದೆಯೇ ಎಂದು ವಿಚಾರಿಸಿ ತಿಳಿದುಕೊಳ್ಳುವುದು ಕುಟುಂಬದವರ ಮೊದಲ ಕೆಲಸವಾಗಬೇಕು. ತಲುಪಿಲ್ಲವೆಂದಾದರೆ ತಾವೇ ಅರ್ಜಿ ಸಲ್ಲಿಸಲು ಇನ್ನೂ ಸಮಯ ಉಳಿದಿರುತ್ತದೆ. ಕೆಲಸದ ಮೇಲಿದ್ದಾಗಲೇ ವಾಹನ ಅಪಘಾತವಾದರೆ, ಮೋಟಾರು ವಾಹನ ಕಾಯಿದೆ ಮತ್ತು ಕಾರ್ಮಿಕರ ನಷ್ಟಪರಿಹಾರದ ಕಾಯಿದೆ, ಇವೆರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು.

ರೈಲಿನಲ್ಲಿ ಪ್ರಯಾಣಿಸುವಾಗ ಅಪಘಾತವಾದರೆ, ಅಥವಾ ಪ್ರಯಾಣಿಕನು ಆಕಸ್ಮಿಕವಾಗಿ ರೈಲಿನಿಂದ ಬಿದ್ದರೆ, ರೈಲ್ವೆ ಪರಿಹಾರ ನ್ಯಾಯಮಂಡಳಿಗೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. 2017ರ ಜನವರಿ 1ರಿಂದ ಮರಣಕ್ಕೆ ಎಂಟು ಲಕ್ಷ ರೂಪಾಯಿಗಳ ಪರಿಹಾರ ನಿಗದಿಯಾಗಿದೆ. ಮೃತನು ಪ್ರಯಾಣಿಕನಾಗಿದ್ದನೆಂಬುದಕ್ಕೆ ಟಿಕೇಟು ಮುಖ್ಯ ಆಧಾರವಾದುದರಿಂದ, ಬಟ್ಟೆಬರೆಗಳೊಂದಿಗೆ ಅದು ಕಳೆದುಹೋಗದಂತೆ ನೋಡಿಕೊಳ್ಳಬೇಕು.

ಹಣ ಕೊಟ್ಟು ಪಡೆದ ವೈದ್ಯಕೀಯ ಚಿಕಿತ್ಸೆಯಲ್ಲಿ ಅಲಕ್ಷ್ಯವಾದರೆ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಮೇರೆಗೆ ಎರಡು ವರ್ಷಗಳೊಳಗೆ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಅಲಕ್ಷ್ಯವು ಬೇಗ ಗೊತ್ತಾಗದಿದ್ದರೆ ಹೇಗೆ ಎಂಬ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಪರಿಶೀಲಿಸಿತು. 1993ರಲ್ಲಿ ಶಸ್ತ್ರಕ್ರಿಯೆಯಾದ ಮಹಿಳೆಯೊಬ್ಬರ ಹೊಟ್ಟೆಯಲ್ಲಿ ಗಾಯಕ್ಕೆ ಬಳಸುವ ಬಟ್ಟೆ ಉಳಿದಿರುವುದು 2002ರಲ್ಲಿ ಎರಡನೆಯ ಶಸ್ತ್ರಕ್ರಿಯೆಯಾದಾಗ ತಿಳಿದುಬಂತು. ಅವರು 2004ರಲ್ಲಿ ದೂರು ಸಲ್ಲಿಸಿದರು. ಹಾನಿಯು ಗುಪ್ತವಾಗಿದ್ದರೆ ಅದು ತಿಳಿದ ದಿನದಿಂದ, ಅಥವಾ ತಕ್ಕ ಎಚ್ಚರ ವಹಿಸಿದ್ದರೆ ತಿಳಿಯಬಹುದಾಗಿದ್ದ ದಿನದಿಂದ, ಅವಧಿಯನ್ನು ಎಣಿಸಬೇಕೆಂಬ ತತ್ತ್ವವನ್ನು ನ್ಯಾಯಾಲಯವು ಒಪ್ಪಿತು. ಆದರೂ, ಒಂಬತ್ತು ವರ್ಷ ನೋವು ಅನುಭವಿಸುತ್ತಿದ್ದರೂ ಅವರು ಮತ್ತೆ ಆ ವೈದ್ಯರನ್ನು ವಿಚಾರಿಸಲಿಲ್ಲವೆಂಬ ಕಾರಣದಿಂದ ಅವರ ದೂರು ಅವಧಿ ಮೀರಿದ್ದೆಂದು ತೀರ್ಮಾನಿಸಿತು. ನೋವು ಉಳಿದಾಗ ಅದನ್ನು ಸಹಿಸಿಕೊಂಡಿರುವುದು ನಮ್ಮ ಜನರ ಸ್ವಭಾವ. ಆ ಸಹನೆಯೇ ಕೊನೆಗೆ ಹಕ್ಕಿಗೆ ಮುಳುವಾಗುವುದನ್ನು ಈ ತೀರ್ಪು ತೋರಿಸುತ್ತದೆ.

ದಿನಗಳನ್ನು ಎಣಿಸುವ ಕ್ರಮವು ಸರಳವಾದುದು. ಅಪಘಾತ ನಡೆದ ದಿನವನ್ನು ಬಿಟ್ಟು ಎಣಿಸಬೇಕು. ತಿಂಗಳೆಂದರೆ ಇಂಗ್ಲಿಷ್ ಪಂಚಾಂಗದ ತಿಂಗಳು. ಮಾರ್ಚ್ 10ರಂದು ರಸ್ತೆ ಅಪಘಾತವಾದರೆ ಆರು ತಿಂಗಳ ಅವಧಿಯು ಸೆಪ್ಟೆಂಬರ್ 10ಕ್ಕೆ ಮುಗಿಯುತ್ತದೆ. ಆ ದಿನ ನ್ಯಾಯಾಲಯಕ್ಕೆ ರಜೆಯಿದ್ದರೆ ಬಾಗಿಲು ತೆರೆದ ಮೊದಲ ದಿನವೇ ಸಲ್ಲಿಸಬೇಕು. ಗಾಯಗೊಂಡವರು ಹದಿನೆಂಟು ತುಂಬದ ಮಕ್ಕಳಾಗಿದ್ದರೆ ಸಿವಿಲ್ ದಾವೆಯ ಅವಧಿಯು ಪ್ರಾಪ್ತ ವಯಸ್ಸಿನಿಂದ ಆರಂಭವಾಗುತ್ತದೆ. ಆದರೆ ಆ ಬಳಿಕ ಮೂರು ವರ್ಷಗಳಿಗಿಂತ ಹೆಚ್ಚು ಸಿಗದು. ಸಾಕ್ಷ್ಯಗಳು ಅಷ್ಟು ಕಾಲ ಉಳಿಯುವುದಿಲ್ಲವಾದ್ದರಿಂದ ಪೋಷಕರು ಮಗುವಿನ ಪರವಾಗಿ ಈಗಲೇ ಅರ್ಜಿ ಹಾಕುವುದು ಮೇಲು. ತಡವಾದುದಕ್ಕೆ ಕಾರಣ ತೋರಿಸಿ ಮನ್ನಣೆ ಪಡೆಯುವ ಅವಕಾಶವು ನ್ಯಾಯಮಂಡಳಿ, ಆಯೋಗಗಳ ಮುಂದೆ ಹಲವು ಸಂದರ್ಭಗಳಲ್ಲಿ ಉಂಟು. ಸಾಮಾನ್ಯ ಸಿವಿಲ್ ದಾವೆಗೆ ಅದು ಇಲ್ಲ.

ಹೆಚ್ಚಿನವರು ಗಡುವನ್ನು ಕಳೆದುಕೊಳ್ಳುವುದು ಸೋಮಾರಿತನದಿಂದಲ್ಲ. ಅವರು ಏನನ್ನೋ ಕಾಯುತ್ತಿರುತ್ತಾರೆ. ಪೊಲೀಸರ ಮೊಕದ್ದಮೆ ಮುಗಿಯಲಿ ಎಂದು ಕಾಯುತ್ತಾರೆ. ಕ್ರಿಮಿನಲ್ ಮೊಕದ್ದಮೆಯ ಉದ್ದೇಶ ತಪ್ಪಿತಸ್ಥರಿಗೆ ಶಿಕ್ಷೆ ವಿಧಿಸುವುದು, ಅದು ನಡೆಯುತ್ತಿದ್ದರೂ ಪರಿಹಾರದ ಗಡುವು ನಿಲ್ಲುವುದಿಲ್ಲ. ಸರ್ಕಾರ ಘೋಷಿಸಿದ ಧನಸಹಾಯ ಬರಲಿ ಎಂದು ಕಾಯುತ್ತಾರೆ. ಆ ಸಹಾಯ ಬೇರೆ, ಕಾನೂನಿನಂತೆ ಬರಬೇಕಾದ ನಷ್ಟಪರಿಹಾರ ಬೇರೆ. ಮಾಲೀಕನು ಮಾತು ಕೊಟ್ಟಿದ್ದಾನೆಂದು ಕಾಯುತ್ತಾರೆ. ಬಾಯಿಮಾತಿನಿಂದ ಅವಧಿ ಬೆಳೆಯುವುದಿಲ್ಲ. ಗಾಯ ಪೂರ್ತಿ ಮಾಯಲಿ ಎಂದು ಕಾಯುತ್ತಾರೆ. ಆಸ್ಪತ್ರೆಯ ಹಾಸಿಗೆಯ ಮೇಲಿರುವಾಗಲೂ ದಿನಗಳು ಎಣಿಕೆಯಾಗುತ್ತಲೇ ಇರುತ್ತವೆ.

ಊರು ಬಿಟ್ಟು ದುಡಿಯಲು ಹೋದವರಿಗೆ ಇನ್ನೊಂದು ತೊಡಕು ಇದೆ. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಮುಂಬಯಿ, ಪುಣೆ, ಗೋವೆಗಳಿಗೆ ಹೋದವರ ಕುಟುಂಬಗಳು, ಪರರಾಜ್ಯದ ನ್ಯಾಯಾಲಯಕ್ಕೆ ಅಲೆದಾಡಲಾರೆವೆಂದು ಸುಮ್ಮನಾಗುತ್ತವೆ. ಅಷ್ಟು ದೂರ ಅಲೆಯಬೇಕಾಗಿಯೇ ಇಲ್ಲ. ರಸ್ತೆ ಅಪಘಾತದ ಅರ್ಜಿಯನ್ನು ಅಪಘಾತ ನಡೆದ ಸ್ಥಳದಲ್ಲಿ ಮಾತ್ರವಲ್ಲದೆ ಅರ್ಜಿದಾರನು ವಾಸಿಸುವ ಸ್ಥಳದ ನ್ಯಾಯಮಂಡಳಿಯಲ್ಲಿಯೂ ಸಲ್ಲಿಸಬಹುದು. ಕಾರ್ಮಿಕರ ನಷ್ಟಪರಿಹಾರದ ಅರ್ಜಿಯನ್ನು ಸಹ ಅರ್ಜಿದಾರರು ಸಾಮಾನ್ಯವಾಗಿ ವಾಸಿಸುವ ಪ್ರದೇಶದ ಪ್ರಾಧಿಕಾರಿಗೆ ಕೊಡಬಹುದು. ಸಚಿನ್‌ನಲ್ಲಿ ಕೈ ಕಳೆದುಕೊಂಡವನು ಸೇಡಂನಿಂದ ಹೋದವನಾಗಿದ್ದರೆ, ಕಲಬುರಗಿಯಲ್ಲೇ ಅರ್ಜಿ ಸಲ್ಲಿಸಲು ಕಾನೂನು ದಾರಿ ಮಾಡಿಕೊಟ್ಟಿದೆ. ಆದರೆ ಊರಿಗೆ ಮರಳುವ ಮುನ್ನ ಪ್ರಥಮ ವರ್ತಮಾನ ವರದಿಯ ಪ್ರತಿ, ಆಸ್ಪತ್ರೆಯ ದಾಖಲೆಗಳು, ಕೂಲಿ ಸಂದಾಯದ ಆಧಾರ, ಗುತ್ತಿಗೆದಾರನ ಮತ್ತು ಕಾರ್ಖಾನೆಯ ಹೆಸರು ವಿಳಾಸ, ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬಿಬ್ಬರ ಹೆಸರು, ಇಷ್ಟನ್ನು ತಪ್ಪದೆ ತೆಗೆದುಕೊಳ್ಳಬೇಕು.

ವಕೀಲರಿಗೆ ಕೊಡಲು ಹಣವಿಲ್ಲವೆಂಬುದು ಮತ್ತೊಂದು ಅಳುಕು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ ಮೇರೆಗೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಕೈಗಾರಿಕಾ ದುರಂತಕ್ಕೆ ಸಿಲುಕಿದವರು ಉಚಿತ ಕಾನೂನು ನೆರವಿಗೆ ಅರ್ಹರು. ಪ್ರತಿಯೊಂದು ಜಿಲ್ಲಾ ನ್ಯಾಯಾಲಯದ ಆವರಣದಲ್ಲಿಯೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇರುತ್ತದೆ. 15100 ಎಂಬ ದೂರವಾಣಿ ಸಂಖ್ಯೆಯ ಮೂಲಕವೂ ಸಲಹೆ ಪಡೆಯಬಹುದು.

ಅಪಘಾತವಾದ ಮನೆಯಲ್ಲಿ ದುಃಖ ತುಂಬಿರುವಾಗ ದಿನಾಂಕವನ್ನು ಲೆಕ್ಕ ಹಾಕುವುದು ಕಠಿಣವೆಂಬುದು ನಿಜ. ಅಂತಹ ಹೊತ್ತಿನಲ್ಲಿ ನೆರೆಯವರಾಗಲಿ, ಊರಿನ ಶಿಕ್ಷಕರಾಗಲಿ, ಪಂಚಾಯಿತಿಯ ಸದಸ್ಯರಾಗಲಿ ಆ ಕೆಲಸವನ್ನು ವಹಿಸಿಕೊಳ್ಳಬಹುದು. ಒಂದು ಕಾಗದದ ಮೇಲೆ ಅಪಘಾತದ ದಿನಾಂಕವನ್ನು ಬರೆದು, ಅದರ ಕೆಳಗೆ ಆರು ತಿಂಗಳು, ಒಂದು ವರ್ಷ, ಎರಡು ವರ್ಷ ಮುಗಿಯುವ ದಿನಗಳನ್ನು ಗುರುತಿಸಿ, ಮನೆಯವರ ಕೈಗೆ ಕೊಟ್ಟು, ಕಾನೂನು ನೆರವಿನ ಕಚೇರಿಗೆ ಅವರನ್ನು ಕರೆದುಕೊಂಡು ಹೋದರೆ ಸಾಕು. ಸಾಂತ್ವನದ ಮಾತು ಮುಗಿದ ಮೇಲೆ ಆ ಕುಟುಂಬಕ್ಕೆ ಉಳಿಯುವ ಆಸರೆ ಅದೇ.